ಅಂಗ ಬಿಟ್ಟು ಇರಬಾರದು

ಹೈದರಾಬಾದಿಗೆ ಓದಲು ಹೊರಟ ದಿನ ಚಿತ್ತಾಪುರ ಸ್ಟೇಷನ್ನಿನಲ್ಲಿ ಅವ್ವ ನನ್ನ ಅಂಗಿಯ ಗುಂಡಿ ಬಿಚ್ಚಿದಳು. ಒಳಗೆ ಕೈ ಹಾಕಿ ಕೊರಳಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಯನ್ನು ಒಮ್ಮೆ ಒತ್ತಿ ನೋಡಿದಳು. ಪ್ಲಾಟ್‌ಫಾರ್ಮಿನ ಮೇಲಿದ್ದವರೆಲ್ಲ ನೋಡುತ್ತಿದ್ದರು. ನನಗೆ ನಾಚಿಕೆಯಾಗಿ ಅವಳ ಕೈ ಸರಿಸಲು ಹೋದೆ. ಅವಳು ಬಿಡಲಿಲ್ಲ.

"ಏನರ ಓದು, ಏನರ ಆಗು. ಇದು ಮಾತ್ರ ಅಂಗ ಬಿಟ್ಟು ಇರಬಾರದು," ಎಂದಳು. "ಹೆಂಗ ಕಟಗೊಂಡು ಹೋಗಾಕತ್ತಿ, ಹಂಗ ಕಟಗೊಂಡು ಬಾ. ಇಲ್ಲಂದ್ರ ಮನೀ ಹೊಸ್ತಿಲ ತುಳೀಬ್ಯಾಡ."

ಇದು ಬರಿಯ ಬೆದರಿಕೆಯಾಗಿರಲಿಲ್ಲ. ಹಿಂದೆ ಒಮ್ಮೆ ಜೋಳದ ಹೊಲದಲ್ಲಿ ಅವಳದೇ ಶಿವದಾರ ಹರಿದು ಲಿಂಗ ಎಲ್ಲೋ ಬಿದ್ದುಹೋಗಿತ್ತು. ಅದು ಸಿಗುವ ತನಕ ಹನಿ ನೀರು ಮುಟ್ಟದೆ, ಬೆಳಗಿನಿಂದ ಇಳಿಹೊತ್ತಿನವರೆಗೆ ಒಂದೊಂದೇ ಸಾಲು ಹಿಡಿದು ಹುಡುಕಿದ್ದಳು. ನಮ್ಮಲ್ಲಿ ಲಿಂಗ ಕೂಸಾಗಿದ್ದಾಗ ಕಟ್ಟಿದ್ದು, ಹೂಳುವಾಗಲೂ ಜೊತೆಗೇ ಹೋಗುತ್ತದೆ. ಸ್ನಾನಕ್ಕೂ ಇಳಿಸುವುದಿಲ್ಲ. ಬಗ್ಗಿ ಏನಾದರೂ ಎತ್ತುವಾಗ ಎಡಗೈ ತಾನಾಗಿಯೇ ಎದೆಗೆ ಹೋಗುತ್ತದೆ, ಕರಡಿಗೆ ಜೋತುಬಿದ್ದು ಕೆಳಗೆ ತಾಗಬಾರದೆಂದು. ನಾನಂತೂ ಬಿದ್ದ ಪೆನ್ಸಿಲ್ ಎತ್ತುವಾಗಲೂ ಎದೆ ಹಿಡಿದುಕೊಳ್ಳುತ್ತಿದ್ದೆ. ಹಾಸ್ಟೆಲಿನ ಹುಡುಗರು ಅದನ್ನು ಅಣಕಿಸಿ ತೋರಿಸುತ್ತಿದ್ದರು.

ಆ ಹಾಸ್ಟೆಲಿನಲ್ಲಿ ನಮಗೆ ಹೆಸರುಗಳಿರಲಿಲ್ಲ ಎಂದರೂ ಸರಿಯೇ. ಒಬ್ಬೊಬ್ಬರನ್ನೂ ಅವರವರ ಊರಿನಿಂದಲೇ ಕರೆಯುತ್ತಿದ್ದರು. ನಾನು ದಂಡೋತಿ. ನನ್ನ ಕೋಣೆಯಲ್ಲಿದ್ದವನು ಸೇಡಂ. ನಮ್ಮ ಕಡೆಯವನೇ, ನಮ್ಮ ಮತದವನೇ, ಎಲ್ಲರ ಸುದ್ದಿಯನ್ನೂ ಎಲ್ಲರಿಗೂ ಮುಟ್ಟಿಸುವವನು. ಪಕ್ಕದ ಕೋಣೆಯಲ್ಲಿದ್ದವನು ವಾಡಿ.

ವಾಡಿ ಇಸಾಯಿ, ಎಂದರೆ ಕ್ರೈಸ್ತ ಹುಡುಗ. ಅವನ ಅಪ್ಪ ವಾಡಿ ಜಂಕ್ಷನ್ನಿನಲ್ಲಿ ರೈಲ್ವೆ ಕೆಲಸಕ್ಕಿದ್ದ. ಅಜ್ಜನ ಕಾಲಕ್ಕೆ ಅವರು ಚಿಂಚೋಳಿ ಕಡೆಯ ಒಂದು ಹಳ್ಳಿಯಲ್ಲಿ, ಊರ ಹೊರಗಿನ ಕೇರಿಯಲ್ಲಿದ್ದವರು. ಇದನ್ನು ಅವನು ಮುಚ್ಚಿಡುತ್ತಿರಲಿಲ್ಲ. ಯಾರಾದರೂ ಕೇಳಿದರೆ, ಊಟಕ್ಕೆ ಏನಿದೆ ಎಂದು ಕೇಳಿದವರಿಗೆ ಹೇಳುವಷ್ಟೇ ಸಲೀಸಾಗಿ ಹೇಳುತ್ತಿದ್ದ. ನಾನು ಮಾತ್ರ ಅದನ್ನು ಕೇಳಿದ ದಿನವೇ ಪೇಟೆಗೆ ಹೋಗಿ ನನಗೆಂದೇ ಒಂದು ಮಣ್ಣಿನ ಹೂಜಿ ತಂದಿಟ್ಟುಕೊಂಡೆ. ಹಾಸ್ಟೆಲಿನ ಕೊಡದಿಂದ ಅವನು ನೀರು ಕುಡಿಯುತ್ತಿದ್ದನಲ್ಲ, ಅದಕ್ಕೆ. ಇವತ್ತು ಇದನ್ನು ಬರೆಯುವಾಗ ಕೈ ಹಿಂದೆಗೆಯುತ್ತದೆ, ಆದರೆ ಆಗ ನನಗೆ ಇದರಲ್ಲಿ ತಪ್ಪೇ ಕಂಡಿರಲಿಲ್ಲ.

ನಿಜಾಮಶಾಹಿ ಹೋಗಿ ಒಂದೆರಡು ವರ್ಷವಾಗಿತ್ತು. ವಿಶ್ವವಿದ್ಯಾಲಯದಲ್ಲಿ ಉರ್ದುವಿನಲ್ಲಿ ನಡೆಯುತ್ತಿದ್ದ ಪಾಠ ಇಂಗ್ಲಿಷಿಗೆ ತಿರುಗಿತ್ತು. ಭೂಗೋಳ, ಲೆಕ್ಕ, ಚರಿತ್ರೆ ಎಲ್ಲವನ್ನೂ ಉರ್ದುವಿನಲ್ಲಿ ಬಾಯಿಪಾಠ ಮಾಡಿ ಬಂದ ನನ್ನಂಥವರು ತರಗತಿಯಲ್ಲಿ ಕಿವುಡರ ಹಾಗೆ ಕೂತಿರುತ್ತಿದ್ದೆವು. ವಾಡಿಗೆ ಮಿಶನ್ ಶಾಲೆಯ ಇಂಗ್ಲಿಷ್ ಬರುತ್ತಿತ್ತು. ಅವನೂ ಇನ್ನು ಮೂವರು ಇಸಾಯಿ ಹುಡುಗರೂ ಸಂಜೆ ಹೊತ್ತು ಹಾಸ್ಟೆಲಿನ ಹಿಂದಿನ ಬೇವಿನ ಮರದ ಕೆಳಗೆ ಕೂತು, ಆ ದಿನದ ಪಾಠವನ್ನು ಯಾರು ಬಂದರೂ ಬಿಡಿಸಿ ಹೇಳುತ್ತಿದ್ದರು. ತೆಲುಗಿನವರಿಗೆ ತೆಲುಗಿನಲ್ಲಿ, ನಮಗೆ ಕನ್ನಡದಲ್ಲಿ, ಉಳಿದವರಿಗೆ ಉರ್ದುವಿನಲ್ಲಿ. ಯಾರಿಗಾದರೂ ಜ್ವರ ಬಂದರೆ ಈ ನಾಲ್ವರಲ್ಲಿ ಒಬ್ಬ ಹಾಸಿಗೆ ಪಕ್ಕದಲ್ಲಿ ಇದ್ದೇ ಇರುತ್ತಿದ್ದ. ವಾಂತಿ ಬಳಿಯುವುದು, ಬಟ್ಟೆ ಒಗೆಯುವುದು, ಮನೆಗೆ ಕಾಗದ ಬರೆಯುವುದು ಎಲ್ಲ ಅವರದೇ. ತಮ್ಮ ದೇವರ ಸುದ್ದಿಯನ್ನು ಅವರಾಗಿ ಎತ್ತುತ್ತಿರಲಿಲ್ಲ. ಅದಕ್ಕೇ ನನಗೆ ಅನುಮಾನ ಹೆಚ್ಚು. ಬಾಯಿಬಿಟ್ಟು ಹೇಳುವವನನ್ನಾದರೂ ನಂಬಬಹುದು, ಸುಮ್ಮನೆ ಒಳ್ಳೆಯದು ಮಾಡುವವನನ್ನು ಹೇಗೆ ನಂಬುವುದು ಎಂಬುದು ನನ್ನ ತರ್ಕ.

ಶಿವರಾತ್ರಿ ಕಳೆದು ಬಿಸಿಲು ಏರತೊಡಗಿದಾಗ ನನ್ನ ಬಲಗಾಲಿನ ಹರಡಿನ ಮೇಲೆ ಒಂದು ಗುಳ್ಳೆ ಎದ್ದಿತು. ಉರಿಯೆಂದರೆ ಉರಿ. ಅದು ಒಡೆದಾಗ ಒಳಗಿನಿಂದ ಬಿಳಿ ದಾರದ ತುದಿಯಂಥದ್ದು ಇಣುಕಿತು. ನಮ್ಮ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ನಾರುಹುಣ್ಣು. ಮೈಯೊಳಗೆ ವರ್ಷವಿಡೀ ಬೆಳೆದ ಗೇಣುಗಟ್ಟಲೆ ಉದ್ದದ ಹುಳ ಕಾಲಿನಿಂದ ಹೊರಗೆ ಬರುವ ರೋಗ.

ಹಾಸ್ಟೆಲಿನಲ್ಲಿ ಅದನ್ನು ನೋಡಿದವರೆಲ್ಲ ಮೂಗು ಮುಚ್ಚಿಕೊಂಡು ಹೋದರು. ಸೇಡಂ ತನ್ನ ಹಾಸಿಗೆಯನ್ನು ಕಿಟಕಿಯ ಹತ್ತಿರಕ್ಕೆ ಎಳೆದುಕೊಂಡ. ವಾಡಿ ಮಾತ್ರ ಒಂದು ಬೋಗುಣಿಯಲ್ಲಿ ನೀರು, ಒಗೆದು ಒಣಗಿಸಿದ ಬಟ್ಟೆ, ಕಸಬರಿಗೆಯ ಒಂದು ಕಡ್ಡಿ ಹಿಡಿದುಕೊಂಡು ಬಂದು ನೆಲದ ಮೇಲೆ ಕೂತು, "ಕಾಲು ಚಾಚು" ಎಂದ.

"ನಿನಗ ಬರ್ತದೇನು?"

"ನಮ್ಮವ್ವಗ ಬರ್ತದ. ಆಕಿ ಮಾಡೋದು ನೋಡೀನಿ. ಅವಸರ ಮಾಡಬಾರದು, ಅಷ್ಟೇ ಇದರ ವಿದ್ಯಾ."

ತಣ್ಣೀರು ಸುರಿದಂತೆ ಹುಳ ತುಸು ಹೊರಗೆ ಬರುತ್ತಿತ್ತು. ಅದರ ತುದಿಯನ್ನು ಕಡ್ಡಿಗೆ ಸಿಕ್ಕಿಸಿ, ಬಂದಷ್ಟನ್ನು ಮಾತ್ರ ಸುತ್ತಿ, ಕಡ್ಡಿಯನ್ನು ಕಾಲಿಗೆ ಬಟ್ಟೆಯಿಂದ ಕಟ್ಟಿಬಿಡಬೇಕು. ಮರುದಿನ ಮತ್ತೆ ಒಂದೆರಡು ಸುತ್ತು. ಹೀಗೆ ವಾರಗಟ್ಟಲೆ. ಎಳೆದರೆ ಹುಳ ಹರಿದು ಒಳಗೇ ಉಳಿದು ಕಾಲು ಕೀವಾಗುತ್ತದೆ. ವಾಡಿ ದಿನಾ ಬೆಳಿಗ್ಗೆ ತರಗತಿಗೆ ಹೋಗುವ ಮೊದಲು ಬಂದು ಇದನ್ನು ಮಾಡುತ್ತಿದ್ದ. ಹುಳವನ್ನು ಮುಟ್ಟುವ ಮುಂಚೆ ಒಂದು ಕ್ಷಣ ಕಣ್ಣು ಮುಚ್ಚುತ್ತಿದ್ದ, ತುಟಿಗಳು ಅಲುಗಾಡುತ್ತಿದ್ದವು. ಆಮೇಲೆ ಯಾವುದೋ ರಾಗ ಗುನುಗುತ್ತ ಕಡ್ಡಿ ತಿರುಗಿಸುತ್ತಿದ್ದ. ನನ್ನ ಕಾಲು ಅವನ ತೊಡೆಯ ಮೇಲಿರುತ್ತಿತ್ತು.

ಒಂದು ದಿನ ಅವನು ಕೇಳಿದ: "ಊರಾಗ ಯಾವ ಬಾವಿ ನೀರು ಕುಡೀತಿ?"

"ನಮ್ಮ ಹೊಲದ ಮೆಟ್ಟಿಲ ಬಾವೀದು. ಭಾಳ ಶುದ್ಧ. ಕಂಡಕಂಡವರು ಅದರಾಗ ಇಳಿಯಂಗಿಲ್ಲ," ಎಂದೆ ಜಂಬದಿಂದ.

"ಈ ಹುಳ ನೀರಾಗಿಂದ ಹೊಟ್ಟಿಗಿ ಹೋಗ್ತದ. ಯಾರದರ ಕಾಲಾಗ ಹುಣ್ಣು ಇದ್ದು ಅವರು ಮೆಟ್ಟಿಲ ಇಳಿದಿದ್ರ ಸಾಕು. ನಿಮ್ಮ ಮನ್ಯಾಗ ನೀರು ಸೋಸತಾರೇನು? ನಮ್ಮವ್ವ ದಪ್ಪ ಬಟ್ಟಿ ಎರಡು ಮಡಿಕಿ ಮಾಡಿ ಸೋಸತಾಳ."

ನನ್ನ ಮೈಯೆಲ್ಲ ಉರಿಯಿತು. ನಮ್ಮವರ ಹೊರತು ಯಾರನ್ನೂ ಇಳಿಸದ ಬಾವಿಯ ನೀರಿಗೆ ಇವನು ಹೆಸರಿಡುವುದೇ! ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಆಗಲಂತೂ ಕೇಳುವುದೇ ಬೇಡ. ಬಾವಿಯೊಳಗೆ ಬೇರೆಯವರು ಇಳಿಯದಿದ್ದರೆ ಈ ಹುಳವನ್ನು ತಂದವರು ನಮ್ಮವರೇ ಎಂಬ ಸರಳ ಮಾತು ಹೊಳೆಯಲು ನನಗೆ ಬಹಳ ವರ್ಷ ಬೇಕಾಯಿತು.

ಅದೇ ದಿನ ಸೇಡಂ ತನ್ನ ಕಿಟಕಿಯ ಕಡೆಯಿಂದ ಹೇಳಿದ: "ದಂಡೋತಿ, ಹುಷಾರ್ ಇರಪಾ. ಹುಳ ಸುತ್ತಿ ಸುತ್ತಿ ಅವ ನಿನ್ನನ್ನೂ ಕಡ್ಡೀಗಿ ಸುತ್ತತಾನ. ಪರೀಕ್ಷಾ ಮುಗಿಯೋದ್ರಾಗ ನಿನ್ನ ಹೆಸರು ಬದಲಾಗ್ತದ ನೋಡು."

ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಮರುದಿನ ವಾಡಿ ಕಣ್ಣು ಮುಚ್ಚಿದೊಡನೆ ನಾನು ಕಾಲು ಹಿಂದಕ್ಕೆಳೆದುಕೊಂಡೆ.

"ಖರೇ ಹೇಳು. ಇದೆಲ್ಲ ಯಾಕ ಮಾಡ್ಲಿಕತ್ತಿ? ನನ್ನ ಇಸಾಯಿ ಮಾಡಾಕೇನು?"

ಅವನಿಗೆ ನಗು ತಡೆಯಲಾಗಲಿಲ್ಲ. "ನಿನ್ನಂಥ ಸಿಟ್ಟಿನ ಮನಷಾನ್ನ ತಗೊಂಡು ನಮ್ಮ ದೇವರು ಏನ್ ಮಾಡ್ಯಾನ?" ಎಂದ. ಆಮೇಲೆ ನಗು ನಿಲ್ಲಿಸಿ, "ಆತ ತನ್ನ ಮಂದೀದು ಎಲ್ಲಾರ ಕಾಲೂ ತೊಳದಾನ. ನನಗ ನಿಂದು ಒಂದು ಕಾಲು ಸಿಕ್ಕದ. ಚಾಚು," ಎಂದ.

ಅವನು ನನಗೆ ತನ್ನ ದೇವರ ಬಗ್ಗೆ ಹೇಳಿದ್ದು ಇಷ್ಟೇ, ಅದೂ ನಾನು ಕೆದಕಿ ಕೇಳಿದ್ದಕ್ಕೆ. ನನಗೆ ಸಮಾಧಾನವಾಗಲಿಲ್ಲ. ಅವನು ಹೋದ ಮೇಲೆ, ಇವನ ಉಪಕಾರದ ಹಂಗು ಇವತ್ತಿಗೇ ಮುಗಿಯಲಿ ಎಂದು ಕಡ್ಡಿ ಬಿಚ್ಚಿ ಹುಳವನ್ನು ಕೈಗೆ ಸುತ್ತಿಕೊಂಡು ಎಳೆದೆ. ಸ್ವಲ್ಪ ದೂರ ಬಂತು. ಆಮೇಲೆ ಪಟ್ಟನೆ ಹರಿಯಿತು.

ಎರಡೇ ದಿನದಲ್ಲಿ ಕಾಲು ಮೊಳಕಾಲಿನ ತನಕ ಊದಿ ಕೆಂಪಾಯಿತು. ಜ್ವರ ಏರಿ ನಾನು ಏನೇನೋ ಬಡಬಡಿಸತೊಡಗಿದೆನಂತೆ. ನಾಲ್ವರು ಇಸಾಯಿ ಹುಡುಗರು ನನ್ನನ್ನು ಹೊರಸಿನ ಸಮೇತ ಎತ್ತಿ ಟಾಂಗಾ ಸಿಗುವಲ್ಲಿಯ ತನಕ ಹೊತ್ತು ದವಾಖಾನೆಗೆ ಸೇರಿಸಿದರು. ಸೇಡಂ ನಮ್ಮಪ್ಪನಿಗೆ ತಂತಿ ಕೊಟ್ಟ. ಇದೆಲ್ಲ ಆಮೇಲೆ ಕೇಳಿ ತಿಳಿದದ್ದು. ನನಗೆ ನೆನಪಿರುವುದು ಕ್ಲೋರೋಫಾರ್ಮಿನ ಸಿಹಿ ವಾಸನೆ, ಮತ್ತೆ ಯಾರೋ ನನ್ನ ಕೊರಳಿಗೆ ಕೈ ಹಾಕಿದ್ದು, ನಾನು "ಅಂಗ ಬಿಟ್ಟು ಇರಬಾರದು, ಅಂಗ ಬಿಟ್ಟು ಇರಬಾರದು" ಎಂದು ಕೂಗಿದ್ದು.

ಮಂಪರಿನಲ್ಲೇ ಎರಡು ದಿನ ಕಳೆದು ಕಣ್ಣು ಬಿಟ್ಟಾಗ ಬೆಳಗಾಗಿತ್ತು. ಕಾಲಿಗೆ ದಪ್ಪ ಪಟ್ಟಿ ಕಟ್ಟಿದ್ದರು. ದೂರದಲ್ಲೆಲ್ಲೋ ಚರ್ಚಿನ ಗಂಟೆ ಬಿಟ್ಟುಬಿಟ್ಟು ಹೊಡೆಯುತ್ತಿತ್ತು. ಎಡಗೈ ಎದೆಗೆ ಹೋಯಿತು. ಎದೆ ಬರಿದಾಗಿತ್ತು. ಕೊರಳು ಮುಟ್ಟಿ ನೋಡಿದೆ, ದಿಂಬಿನ ಕೆಳಗೆ ತಡಕಾಡಿದೆ, ಹಾಸಿಗೆಯ ಸಂದಿಯಲ್ಲಿ ಬೆರಳಾಡಿಸಿದೆ. ಇಲ್ಲ.

ನನಗೆ ಅಳುವೇ ಬಂತು. ಅವ್ವ ಸ್ಟೇಷನ್ನಿನಲ್ಲಿ ಗುಂಡಿ ಬಿಚ್ಚಿ ಒತ್ತಿ ನೋಡಿದ್ದು ಕಣ್ಣಿಗೆ ಕಟ್ಟಿತು. ಇನ್ನು ಯಾವ ಮುಖ ಹೊತ್ತು ದಂಡೋತಿಗೆ ಹೋಗಲಿ? ಪಕ್ಕದ ಹಾಸಿಗೆಯ ಮುದುಕನನ್ನು ಕೇಳಿದೆ. "ನಿನ್ನ ದೋಸ್ತ ತಗೊಂಡ ನೋಡಪಾ, ದಿನಾ ಬರ್ತಾನಲ್ಲ, ಆ ಇಸಾಯಿ ಹುಡುಗ" ಎಂದ ಅವನು. ಸಾಕಾಯಿತು. ಅಳುವೆಲ್ಲ ಸಿಟ್ಟಾಗಿ ತಿರುಗಿತು. ಸೇಡಂ ಹೇಳಿದ್ದೇ ಖರೆಯಾಯಿತು, ಎಚ್ಚರ ತಪ್ಪಿದ್ದಾಗ ನನ್ನ ಲಿಂಗ ಕಳಚಿ ಎಲ್ಲೋ ಎಸೆದಿದ್ದಾನೆ, ನನ್ನ ಕಥೆ ಮುಗಿಯಿತು ಎಂದುಕೊಂಡೆ.

ವಾಡಿ ಬಂದದ್ದು ಆ ಗಂಟೆ ನಿಂತು ಸುಮಾರು ಹೊತ್ತಾದ ಮೇಲೆ. ಒಗೆದ ಬಿಳಿ ಅಂಗಿ ತೊಟ್ಟಿದ್ದ, ಗುಂಡಿಗಳನ್ನು ಕೊರಳ ತನಕ ಹಾಕಿದ್ದ. ಕೈಯಲ್ಲಿ ಗಂಜಿಯ ಡಬ್ಬಿ. ನಾನು ಕಣ್ಣು ಬಿಟ್ಟಿದ್ದು ನೋಡಿ ಅವನ ಮುಖ ಅರಳಿತು. ಆ ಮುಖಕ್ಕೆ ನಾನು ಏನೆಂದೆನೋ ಅದನ್ನು ಇಲ್ಲಿ ಇದ್ದಂತೆ ಬರೆಯಲಾರೆ. ಇಡೀ ವಾರ್ಡಿಗೆ ಕೇಳುವ ಹಾಗೆ ಕೂಗಿದೆ. ಕಳ್ಳ ಎಂದೆ. ಅವನ ಅಜ್ಜನ ಕೇರಿಯನ್ನು ಎತ್ತಿ ಆಡಿದೆ. ಆ ಕೇರಿಯವರನ್ನು ನಮ್ಮೂರಿನಲ್ಲಿ ಯಾವ ಶಬ್ದದಿಂದ ಕರೆಯುತ್ತಿದ್ದರೋ ಅದೇ ಶಬ್ದ ಬಳಸಿದೆ.

ಅವನು ಡಬ್ಬಿಯನ್ನು ಸ್ಟೂಲಿನ ಮೇಲಿಟ್ಟ. ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿದ. ಅವನ ಕಪ್ಪು ಎದೆಯ ಮೇಲೆ, ನನ್ನದೇ ಶಿವದಾರದಲ್ಲಿ, ನನ್ನ ಬೆಳ್ಳಿ ಕರಡಿಗೆ ಇತ್ತು.

"ಕಾಲು ಕೊಯ್ಯೋವಾಗ ಮೈಮ್ಯಾಲ ಏನೂ ಇರಬಾರದು ಅಂದ್ರು ಡಾಕ್ಟರು. ಬಿಚ್ಚಿ ಟ್ರಂಕಿನಾಗ ಇಡಾಕ ಹೋದ್ರು," ಎಂದ. "ನೀ ಒಂದೇ ಸವನ ಕೂಗಲಿಕತ್ತಿದ್ದಿ, ಅಂಗ ಬಿಟ್ಟು ಇರಬಾರದು ಅಂತ. ಅಂಗ ಅಂದ್ರ ಮೈ ಅಲ್ಲೇನು? ನಿನ್ನ ಮೈಮ್ಯಾಲ ಇಡಾಕ ಬಿಡಲಿಲ್ಲ. ಅದಕ್ಕ ನನ್ನ ಮೈಮ್ಯಾಲ ಇಟಗೊಂಡೆ. ನಂದೂ ಅಂಗಾನೇ ಅಲ್ಲೇನು?"

ಅವ್ವ ಹೇಳಿದ ಅಂಗ ಎಂದರೆ ನನ್ನ ಅಂಗ ಮಾತ್ರ. ಗುರು ಯಾರ ಕೊರಳಿಗೆ ಕಟ್ಟಿದನೋ ಅವನಿಗೇ ಆ ಲಿಂಗ, ಅಪ್ಪನದು ಮಗ ಕೂಡ ಕಟ್ಟಿಕೊಳ್ಳುವಂತಿಲ್ಲ. ಇದು ಅವನಿಗೆ ಹೇಗೆ ಗೊತ್ತಾಗಬೇಕು? ಅವನು ಆ ಶಬ್ದವನ್ನು ಅದರ ಪೂರ್ತಿ ಅರ್ಥದಲ್ಲಿ ತೆಗೆದುಕೊಂಡಿದ್ದ. ನನಗಾದರೂ ಆಗ ಅವನ ಎರಡು ಕೈ ಹಿಡಿದುಕೊಳ್ಳುವ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಅವನು ಶಿವದಾರವನ್ನು ತಲೆಯ ಮೇಲಿಂದ ತೆಗೆಯಲು ಹೋದಾಗ ನಾನು ಕೈ ಹಿಂದಕ್ಕೆ ಎಳೆದುಕೊಂಡು ಹೇಳಿದೆ:

"ಮುಟ್ಟಿದ್ದು ಸಾಲಲಿಲ್ಲ ಅಂತ ಕೊರಳಾಗ ಬ್ಯಾರೆ ಹಾಕ್ಕೊಂಡೇನು? ನನಗ ಬ್ಯಾಡ ಅದು. ಮೈಲಿಗಿ ಆಗ್ಯದ."

ಅವನ ಕೈ ಅರ್ಧಕ್ಕೇ ನಿಂತಿತು. ಆಮೇಲೆ ಗುಂಡಿಗಳನ್ನು ಮತ್ತೆ ಹಾಕಿಕೊಂಡ.

"ಕೆಳಗ ಇಡೋದು ನನ್ನಿಂದ ಆಗಂಗಿಲ್ಲ. ನಿಮ್ಮ ಮನೀಯವರು ಯಾರರ ಬಂದು ತಗೊಳ್ಳೋತನ ಇಲ್ಲೇ ಇರ್ತದ. ಗಂಜಿ ಆರ್ಲಿಕತ್ತದ, ಉಣ್ಣು," ಎಂದು ಹೋದ.

ಮರುದಿನ ಬೆಳಿಗ್ಗೆಯೂ ಬಂದ. ಪಟ್ಟಿ ಬಿಚ್ಚಿದ, ಕೀವು ಒರೆಸಿದ, ಹೊಸ ಪಟ್ಟಿ ಕಟ್ಟಿದ. ಗುನುಗಲಿಲ್ಲ. ನಾನು ಗೋಡೆಗೆ ಮುಖ ಮಾಡಿ ಮಲಗಿದ್ದೆ. ಅವನು ಹೋದ ಮೇಲೆ ಸೇಡಂ ಬಂದು ಹಾಸಿಗೆಯ ತುದಿಯಲ್ಲಿ ಕೂತ. ಎಂದೂ ಮಾತಿಗೆ ಬರವಿಲ್ಲದವನು ಅಂದು ಬಹಳ ಹೊತ್ತು ಬೆರಳು ಮುರಿಯುತ್ತಿದ್ದ.

"ನಿನ್ನೆ ಅವರ ಈಸ್ಟರ್ ಹಬ್ಬ ಇತ್ತು," ಎಂದ ಕೊನೆಗೆ. "ಪಾದ್ರಿಗಳ ಮನ್ಯಾಗ ಎಲ್ಲಾ ಇಸಾಯಿ ಹುಡುಗುರಿಗೆ ಮಟನ್ ಊಟ. ವರ್ಷಕ್ಕೊಮ್ಮೆ ಸಿಗೋ ಊಟ. ಇವ ಮುಟ್ಟಲಿಲ್ಲಂತ. ಯಾಕ ಅಂತ ನಾನೇ ಕೇಳಿದೆ. 'ದಂಡೋತಿ ಇದನ್ನ ಕಟಗೊಂಡು ಮಾಂಸ ತಿನ್ನಂಗಿಲ್ಲಲ್ಲ, ನಾ ಹೆಂಗ ತಿನ್ನಲಿ' ಅಂದ. ಚರ್ಚಿನಾಗೂ ಅಂಗಿ ಒಳಗ ಕಟಗೊಂಡೇ ಕುಂತಿದ್ನಂತ."

ಸೇಡಂ ಎದ್ದು ಹೋಗುವಾಗ, "ಹುಳದ ಮಾತು ನಾ ಅನಬಾರದಿತ್ತೋ" ಎಂದ.

ಮಂಗಳವಾರ ಬೆಳಿಗ್ಗೆ ಅಪ್ಪ ಬಂದ. ಹೊಲಬಿಟ್ಟು ಚಿತ್ತಾಪುರದಿಂದ ಆಚೆ ಕಾಲಿಡದ ಮನುಷ್ಯ, ರುಮಾಲು ಸುತ್ತಿಕೊಂಡು ಕೈಯಲ್ಲಿ ರೊಟ್ಟಿ ಗಂಟು ಹಿಡಿದು ವಾರ್ಡಿನ ಬಾಗಿಲಲ್ಲಿ ನಿಂತಿದ್ದ. ವಾಡಿ ಆಗ ನನ್ನ ಪಟ್ಟಿ ಕಟ್ಟುತ್ತಿದ್ದ. ಅವನೇ ಎದ್ದು ಅಪ್ಪನಿಗೆ ಎಲ್ಲವನ್ನೂ ಹೇಳಿದ, ನಾನು ಬೈದದ್ದೊಂದನ್ನು ಬಿಟ್ಟು.

ಅಪ್ಪ ಅವನ ಎದೆಯ ಮೇಲಿನ ಕರಡಿಗೆಯನ್ನು ನೋಡಿದ. "ಎಷ್ಟು ದಿನ ಆತು ತಮ್ಮಾ?"

"ಶುಕ್ರವಾರದಿಂದ ರೀ."

"ಕೆಳಗೆಲ್ಲೂ ಇಟ್ಟಿಲ್ಲ?"

"ಇಲ್ರಿ. ಮೈ ತೊಳಕೊಳ್ಳುವಾಗೂ ಇಳಿಸಿಲ್ರಿ."

ಅಪ್ಪನಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನ ಮುಖದಲ್ಲಿ ಅದು ಚೆನ್ನಾಗಿ ಕಾಣುತ್ತಿತ್ತು. ಹೊರಗೆ ಹೋಗಿ ನಲ್ಲಿಯಲ್ಲಿ ಕೈಕಾಲು ಮುಖ ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದ. ಎಡ ಅಂಗೈ ಚಾಚಿ, "ಕೊಡಪಾ" ಎಂದ. ವಾಡಿ ಶಿವದಾರವನ್ನು ತಲೆಯ ಮೇಲಿಂದ ತೆಗೆದು ಆ ಅಂಗೈಯಲ್ಲಿಟ್ಟ. ನಾನು ಕೊರಳು ಮುಂದೆ ಮಾಡಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಅಪ್ಪ ಕಟ್ಟಳೆ ಮೀರಿ ಅದನ್ನು ತನ್ನ ಕೊರಳಿಗೇ ಕಟ್ಟಿಕೊಂಡ, ತನ್ನದರ ಪಕ್ಕದಲ್ಲಿ.

"ಮನೀಗಿ ಹೋಗಿ ನಿಮ್ಮವ್ವನ್ನ ಕೇಳಾಮು" ಎಂದ ನನಗೆ.

ನಾಲ್ಕು ದಿನದ ಮೇಲೆ ನಾವು ರೈಲು ಹತ್ತಿದೆವು. ತಾಂಡೂರು ದಾಟಿತು, ಸೇಡಂ ದಾಟಿತು. ಎದುರಿಗೆ ಕೂತ ಅಪ್ಪನ ಅಂಗಿಯೊಳಗೆ ಎರಡು ಕರಡಿಗೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ನಾವಿಬ್ಬರೂ ಅದು ಕೇಳಿಸದವರಂತೆ ಹೊರಗೆ ನೋಡುತ್ತಿದ್ದೆವು. ಆ ವರ್ಷದ ಪರೀಕ್ಷೆ ಹೇಗೂ ಹೋಗಿತ್ತು. ಅದರ ಚಿಂತೆಯೇ ನನಗಿರಲಿಲ್ಲ. ಅವ್ವ ಹೊಸ್ತಿಲು ತುಳಿಯಲು ಬಿಡುತ್ತಾಳೋ ಇಲ್ಲವೋ, ಅದೊಂದೇ.

ದಂಡೋತಿಯಲ್ಲಿ ಬಂಡಿ ನಿಂತಾಗ ಅವ್ವ ಓಡಿ ಬಂದಳು. ಮೊದಲು ಕಾಲು ನೋಡಿದಳು, ಆಮೇಲೆ ಕೊರಳು. ಅವಳ ಮುಖ ಬಿಳಿಚಿತು. ಅಪ್ಪ ಅಂಗಿಯ ಗುಂಡಿ ಬಿಚ್ಚಿ ತನ್ನ ಎದೆ ತೋರಿಸಿದ. ಅವಳು ನನ್ನನ್ನು ಒಳಗೆ ಕರೆಯಲಿಲ್ಲ. ಬಾಗಿಲ ಹೊರಗಿನ ಶಹಾಬಾದ್ ಕಲ್ಲಿನ ಕಟ್ಟೆಯ ಮೇಲೆ ಕೂಡಿಸಿ, "ಹೇಳು" ಎಂದಳು.

ಹೇಳಿದೆ. ಹುಳ ಎಳೆದದ್ದು, ದವಾಖಾನೆ, ಅಂಗಿಯ ಗುಂಡಿ ಬಿಚ್ಚಿ ಅವನು ತೋರಿಸಿದ್ದು. 'ನಂದೂ ಅಂಗಾನೇ ಅಲ್ಲೇನು' ಎಂದ ಅವನ ಮಾತು ಹೇಳಿದಾಗ ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪ ನಡುವೆ ಬಾಯಿ ಹಾಕಿ, ಮಠದ ಅಯ್ಯನವರನ್ನು ಕೇಳಿ ಹೊಸ ಲಿಂಗ ಕಟ್ಟಿಸಬೇಕಾಗುತ್ತದೋ ಏನೋ ಎಂದ.

"ಅಯ್ಯನವರನ್ನ ಆಮ್ಯಾಲ ಕೇಳ್ರಿ," ಎಂದು ಅವ್ವ ನನ್ನ ಕಡೆಗೇ ನೋಡುತ್ತ ಕೇಳಿದಳು, "ಅವ ಹಂಗ ತೋರಿಸಿದಾಗ ನೀ ಏನಂದಿ?"

ಅವಳಿಗೆ ಸುಳ್ಳು ಹೇಳುವುದು ನನಗೆ ಎಂದೂ ಆಗಿಲ್ಲ. ಅಂದದ್ದನ್ನೆಲ್ಲ ಅಂದ ಹಾಗೆಯೇ ಹೇಳಿದೆ, ಆ ಶಬ್ದವನ್ನೂ ಸೇರಿಸಿ. ಅಪ್ಪ ತಲೆ ತಗ್ಗಿಸಿದ. ದವಾಖಾನೆಯಲ್ಲಿ ಅವನಿಗೆ ಇದು ಗೊತ್ತಾಗಿರಲಿಲ್ಲ.

ಅವ್ವ ಕೂಗಾಡಲಿಲ್ಲ. ಅಪ್ಪನ ಕೊರಳಿನಿಂದ ನನ್ನ ಕರಡಿಗೆಯನ್ನು ತಾನೇ ತೆಗೆದು ಅಂಗೈಯಲ್ಲಿಟ್ಟುಕೊಂಡಳು.

"ನೀ ಬ್ಯಾಡ ಅಂದಾಗೂ ಇದಕ್ಕ ಅಂಗ ಕೊಟ್ಟವ ಅವ," ಎಂದಳು. "ಇದಕ್ಕೇನೂ ಮೈಲಿಗಿ ಆಗಿಲ್ಲ. ಆಗಿದ್ದು ನಿನ್ನ ಬಾಯಿಗಿ. ಕಾಲು ನೆಟ್ಟಗ ಆಗಲಿ. ವಾಡಿಗಿ ಹೋಗು, ಅವನ ಮುಂದ ತಪ್ಪಾತು ಅನ್ನು, ಅವನ ಕೈಲೆ ನೀರು ಕುಡಿದು ಬಾ. ಅಲ್ಲೀತನ ಇದು ನಿನಗ ಸಿಗಂಗಿಲ್ಲ."

ಅದನ್ನು ತನ್ನ ಕೊರಳಿಗೆ ಕಟ್ಟಿಕೊಂಡಳು. ಆಮೇಲೆ ನನ್ನ ತೋಳು ಹಿಡಿದು ಎಬ್ಬಿಸಿ, ಹೊಸ್ತಿಲು ದಾಟಿಸಿದಳು. ನನಗೆ ಅಳು ತಡೆಯಲಾಗಲಿಲ್ಲ.

ಒಂದು ತಿಂಗಳಿಗೂ ಮೇಲೆ ನಾನು ಬರಿಗೊರಳಲ್ಲಿದ್ದೆ. ದಿನಾ ಉಣ್ಣುವ ಮುಂಚೆ ಅವ್ವ ಕರಡಿಗೆ ಬಿಚ್ಚಿ ಲಿಂಗವನ್ನು ನನ್ನ ಅಂಗೈಯಲ್ಲಿಡುತ್ತಿದ್ದಳು, ಪೂಜೆ ಮುಗಿದೊಡನೆ ತಿರುಗಿ ಇಸಿದುಕೊಳ್ಳುತ್ತಿದ್ದಳು. ಬಾವಿಯ ನೀರನ್ನು ಅಪ್ಪನ ಹಳೆಯ ಧೋತರ ಹರಿದು, ಎರಡು ಮಡಿಕೆ ಮಾಡಿ ಸೋಸಲು ಶುರು ಮಾಡಿದ್ದಳು. ಅದನ್ನೂ ನಾನೇ ಹೇಳಿದ್ದೆ, ಕಟ್ಟೆಯ ಮೇಲೆ ಕೂತು.

ಕಾಲು ಊರಲು ಬಂದ ದಿನ ಚಿತ್ತಾಪುರದಿಂದ ರೈಲು ಹತ್ತಿ ವಾಡಿಯಲ್ಲಿ ಇಳಿದೆ. ಬುತ್ತಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಅವರ ಮನೆಗೆಂದು ಅವ್ವ ಕಟ್ಟಿಕೊಟ್ಟದ್ದು. ನೆತ್ತಿ ಸುಡುವ ಬಿಸಿಲು. ಅವನನ್ನು ಹುಡುಕಿಕೊಂಡು ರೈಲ್ವೆ ಕ್ವಾರ್ಟರ್ಸಿನ ತನಕ ಹೋಗಬೇಕಾಗಲಿಲ್ಲ. ಪ್ಲಾಟ್‌ಫಾರ್ಮಿನ ಬೇವಿನ ನೆರಳಲ್ಲಿ ಐದಾರು ಕೊಡ ಇಟ್ಟುಕೊಂಡು, ಅವುಗಳ ಬಾಯಿಗೆ ಎರಡು ಮಡಿಕೆಯ ಬಟ್ಟೆ ಬಿಗಿದು, ಅವನೂ ಅವನ ಇಬ್ಬರು ಗೆಳೆಯರೂ ಗಾಡಿ ಬಂದಾಗಲೆಲ್ಲ ಕಿಟಕಿ ಕಿಟಕಿಗೆ ಓಡಿ ನೀರು ಕೊಡುತ್ತಿದ್ದರು. ರಜೆಯಲ್ಲಿ ಅವರು ಮಾಡುವ ಕೆಲಸ ಇದಂತೆ. ಒಬ್ಬ ಪ್ರಯಾಣಿಕ ಲೋಟಕ್ಕೆ ಕೈ ಚಾಚಿದವನು, "ಯಾವ ಮಂದಿ ನೀವು?" ಎಂದು ಕೇಳಿ ಕೈ ಹಿಂದಕ್ಕೆ ತೆಗೆದುಕೊಂಡ. ವಾಡಿ ಬೇಸರಿಸದೆ ಮುಂದಿನ ಕಿಟಕಿಗೆ ಹೋದ. ಹಿಂದಕ್ಕೆ ಹೋದ ಆ ಕೈ ನನ್ನದೇ ಎನ್ನಿಸಿತು.

ಗಾಡಿ ಬಿಟ್ಟ ಮೇಲೆ ಅವನು ನನ್ನನ್ನು ನೋಡಿದ. ಮೊದಲು ಕಾಲಿನ ಕಡೆಗೆ ನೋಡಿದ.

"ಬರ್ರಿ ದಂಡೋತಿ ಸಾಹೇಬ್ರ, ಕುಂದ್ರಿ," ಎಂದ ತಮಾಷೆಗೆ. ಕಣ್ಣು ಮಾತ್ರ ತಮಾಷೆ ಮಾಡುತ್ತಿರಲಿಲ್ಲ. "ನೆಟ್ಟಗ ನಡೀಲಿಕತ್ತಿಯಲ್ಲ."

ಬುತ್ತಿಯನ್ನು ಕೊಡಗಳ ಪಕ್ಕದಲ್ಲಿಟ್ಟೆ. "ತಪ್ಪಾತು" ಎಂದೆ. "ಭಾಳ ದೊಡ್ಡ ತಪ್ಪಾತು. ಆ ಶಬ್ದ ನಾ ಅನಬಾರದಿತ್ತು."

ಅವನು ತಕ್ಷಣ 'ಹೋಗಲಿ ಬಿಡು' ಎನ್ನಲಿಲ್ಲ. "ಭಾಳ ದಿನ ನೋವಾತು," ಎಂದ. ಆಮೇಲೆ, "ಬಿಸಲಾಗ ಬಂದಿ. ಮೊದಲ ನೀರು ಕುಡಿ" ಎಂದು ಕೊಡದ ಕಡೆಗೆ ತಿರುಗಿದ.

ನಾನು ಬೊಗಸೆ ಒಡ್ಡಲು ಬಗ್ಗಿದೆ. ಅವನು ತಂಬಿಗೆ ಮುಳುಗಿಸಲು ಬಗ್ಗಿದ. ನನ್ನ ಎಡಗೈ ರೂಢಿಯಂತೆ ಎದೆಗೆ ಹೋಯಿತು. ತಲೆ ಎತ್ತಿ ನೋಡಿದರೆ, ಅವನ ಎಡಗೈ ಕೂಡ ಅವನ ಎದೆಯ ಮೇಲಿತ್ತು, ಅಂಗಿಯನ್ನು ಮೆಲ್ಲಗೆ ಒತ್ತಿ ಹಿಡಿದಿತ್ತು. ಅಲ್ಲಿ ಏನೂ ಇರಲಿಲ್ಲ. ನನ್ನಲ್ಲೂ ಇರಲಿಲ್ಲ.

ಅವನೂ ನನ್ನ ಕೈ ನೋಡಿದ. ತನ್ನ ಕೈ ನೋಡಿಕೊಂಡು ನಾಚಿದ. "ಐದೇ ದಿನ ಇತ್ತು, ಇನ್ನೂ ಬಿಟ್ಟಿಲ್ಲ ನೋಡು ಈ ರೂಢಿ," ಎಂದ. ಒಮ್ಮೆಲೇ ಅವನ ಮುಖದಲ್ಲಿ ಗಾಬರಿ ಕಾಣಿಸಿತು. "ನಿಂದು ಎಲ್ಲದ? ಎಲ್ಲಿ ಇಟ್ಟು ಬಂದಿ?"

"ಅವ್ವನ ಕೊರಳಾಗದ," ಎಂದೆ. "ನಿನ್ನ ಕೈಲೆ ನೀರು ಕುಡದು ಬಂದ್ರ ಕೊಡ್ತಾಳಂತ."

"ಹಂಗಾದ್ರ ಅಂಗದ ಮ್ಯಾಲೇ ಅದ," ಎಂದ ಅವನು ಸಮಾಧಾನದಿಂದ. "ಫಿಕರ್ ಇಲ್ಲ."

ತಂಬಿಗೆ ಎತ್ತಿ ಸುರಿದ. ಸೋಸಿದ ತಣ್ಣನೆಯ ನೀರು. ಬೊಗಸೆ ತುಂಬಿ ಮೊಳಕೈಯಿಂದ ಇಳಿಯುವ ತನಕ ಕುಡಿದೆ, ಮತ್ತೆ ಬೊಗಸೆ ಒಡ್ಡಿದೆ.